ಗೆರೆ ಎಳೆಯಲು ಬಾರದ ಬಾಸ್

ಥಿಯೇಟರಿನಲ್ಲಿ ದೀಪ ಆರಿದೆ. ತೆರೆಯ ಮೇಲೆ ಒಬ್ಬ ಮತ್ಸ್ಯಕನ್ಯೆ ಹಾಡುತ್ತಿದ್ದಾಳೆ. ಸಮುದ್ರದಡಿಯ ಗುಹೆಯಲ್ಲಿ ಕೂಡಿಟ್ಟುಕೊಂಡ ಮನುಷ್ಯರ ವಸ್ತುಗಳನ್ನು ನೋಡುತ್ತ, ಮೇಲಿನ ಲೋಕಕ್ಕೆ ಹೋಗಬೇಕು ಅಂತ ಹಂಬಲಿಸುವ ಹಾಡು ಅದು. ಚಿತ್ರ ಇನ್ನೂ ಪೂರ್ತಿಯಾಗಿಲ್ಲ. ಆ ಹಾಡಂತೂ ಬಣ್ಣ ಕಾಣದ ಪೆನ್ಸಿಲ್ ಗೆರೆಗಳಲ್ಲೇ ಇದೆ. ಮಕ್ಕಳಿಗೆ ಹೇಗನಿಸುತ್ತೆ ನೋಡೋಣ ಅಂತ ಕರೆದು ಕೂರಿಸಿ ತೋರಿಸುತ್ತಿದ್ದಾರೆ. ಅಷ್ಟರಲ್ಲಿ ಒಂದು ಮಗುವಿನ ಪಾಪ್‌ಕಾರ್ನ್ ಚೆಲ್ಲಿತು. ಮಗು ಹಾಡು ಬಿಟ್ಟು ಪಾಪ್‌ಕಾರ್ನ್ ಹೆಕ್ಕತೊಡಗಿತು.

ಅದನ್ನು ಹಿಂದಿನ ಸೀಟಿನಿಂದ ನೋಡುತ್ತಿದ್ದವರು ಡಿಸ್ನಿಯ ಚಿತ್ರವಿಭಾಗದ ಮುಖ್ಯಸ್ಥ ಜೆಫ್ರಿ ಕ್ಯಾಟ್ಜೆನ್‌ಬರ್ಗ್. ಪ್ರದರ್ಶನ ಮುಗಿಯುತ್ತಲೇ ತೀರ್ಪು ಕೊಟ್ಟರು: ಮಕ್ಕಳಿಗೆ ಬೋರಾಗುತ್ತಿದೆ, ಈ ಹಾಡು ತೆಗೆದುಹಾಕಿ.

ಆ ಚಿತ್ರ ‘ದಿ ಲಿಟ್ಲ್ ಮರ್ಮೇಡ್’. ಆ ಹಾಡು ‘ಪಾರ್ಟ್ ಆಫ್ ಯುವರ್ ವರ್ಲ್ಡ್’. ಡಿಸ್ನಿ ಹಾಡುಗಳ ಯಾವ ಪಟ್ಟಿ ತೆಗೆದರೂ ಮೊದಲ ಸಾಲಿನಲ್ಲಿ ಸಿಗುವ ಹಾಡು!

ಬಾಸ್ ಹೇಳಿದ್ದಾಗಿದೆ, ಇನ್ನೇನು, ತೆಗೆದುಬಿಡೋದು ಅಲ್ವಾ? ಅಲ್ಲಿ ಹಾಗಾಗಲಿಲ್ಲ. ನಿರ್ದೇಶಕರಾದ ರಾನ್ ಕ್ಲೆಮೆಂಟ್ಸ್, ಜಾನ್ ಮಸ್ಕರ್ ಒಪ್ಪಲಿಲ್ಲ. ಹಾಡು ಬರೆದ ಹೊವಾರ್ಡ್ ಆಶ್‌ಮನ್ ಸುತರಾಂ ಒಪ್ಪಲಿಲ್ಲ. ನಾಯಕಿಗೆ ಏನು ಬೇಕು ಅನ್ನೋದು ಪ್ರೇಕ್ಷಕನಿಗೆ ತಿಳಿಯುವುದೇ ಆ ಹಾಡಿನಲ್ಲಿ. ಅದನ್ನು ಕಿತ್ತರೆ ಉಳಿದ ಕಥೆಗೆ ಕಾಲೇ ಇರುವುದಿಲ್ಲ ಅನ್ನೋದು ಅವರ ವಾದ. ‘ದಿ ವಿಜಾರ್ಡ್ ಆಫ್ ಆಜ್’ ಚಿತ್ರದ ‘ಓವರ್ ದ ರೇನ್‌ಬೋ’ ಹಾಡನ್ನೂ ಹಿಂದೊಮ್ಮೆ ಹೀಗೇ ಕಿತ್ತುಹಾಕಲು ಹೊರಟಿದ್ದರು ಎಂಬುದನ್ನೂ ನೆನಪಿಸಿದರು. ಕಡೆಗೆ, ಬಣ್ಣ ತುಂಬಿ ಇನ್ನೊಮ್ಮೆ ತೋರಿಸೋಣ, ಆಮೇಲೆ ನೋಡೋಣ ಅಂತಾಯಿತು. ಮುಂದಿನ ಪ್ರದರ್ಶನದಲ್ಲಿ ಮಕ್ಕಳು ಕದಲಲಿಲ್ಲ. ಜೆಫ್ರಿ ಸುಮ್ಮನಾದರು. ತಾವು ಅವತ್ತು ಎಂಥ ತಪ್ಪು ಮಾಡಲಿದ್ದೆವು ಅನ್ನೋದನ್ನು ಮುಂದೆ ಒಪ್ಪಿಕೊಂಡಿದ್ದಾರೆ ಕೂಡ.

ಈ ಘಟನೆಯನ್ನು ಸಾಮಾನ್ಯವಾಗಿ ‘ಕಲೆ ಗೊತ್ತಿಲ್ಲದ ಬಾಸ್’ ಅನ್ನುವ ಜೋಕಿನಂತೆ ಹೇಳುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಯಾಕೆಂದರೆ ಮಗುವಿನ ಗಮನ ತಪ್ಪಿದ್ದು ನಿಜ. ಅದನ್ನು ಕಂಡವರೂ ಜೆಫ್ರಿಯೇ. ಸಾರಿನಲ್ಲಿ ಏನೋ ಸರಿಯಿಲ್ಲ ಅಂತ ಹೇಳೋಕೆ ಅಡುಗೆ ಬರಬೇಕಿಲ್ಲ, ನಾಲಿಗೆ ಚುರುಕಾಗಿದ್ದರೆ ಸಾಕು. ಆದರೆ ಉಪ್ಪು ಹಾಕಬೇಕೋ, ಹುಳಿ ಹಿಂಡಬೇಕೋ, ಇನ್ನೆರಡು ಕುದಿ ಕುದಿಸಬೇಕೋ ಅನ್ನೋದು ಒಲೆ ಮುಂದೆ ನಿಂತವರಿಗೇ ಗೊತ್ತು. ಜೆಫ್ರಿಯ ನಾಲಿಗೆ ಬಹಳ ಚುರುಕು. ಅವರ ತೊಂದರೆ ಶುರುವಾಗುತ್ತಿದ್ದದ್ದು ಸೌಟು ಕೈಗೆ ತಗೊಂಡಾಗ.

ಐವತ್ತು ವರ್ಷದ ಅವರ ವೃತ್ತಿಜೀವನವನ್ನು ಹೀಗೆ ನೋಡಿದರೆ ಒಂದಕ್ಕೊಂದು ತಾಳೆಯಾಗದ ಎಷ್ಟೋ ಸಂಗತಿಗಳು ಅರ್ಥವಾಗುತ್ತವೆ.

ಚೆಂಡು ಹಿಡಿದು ತರುವವನು

ಜೆಫ್ರಿ ಹುಟ್ಟಿದ್ದು 1950ರ ಡಿಸೆಂಬರ್ 21ರಂದು, ನ್ಯೂಯಾರ್ಕಿನಲ್ಲಿ. ಹದಿಹರೆಯದಲ್ಲೇ ಜಾನ್ ಲಿಂಡ್ಸೆ ಎಂಬ ರಾಜಕಾರಣಿಯ ಮೇಯರ್ ಚುನಾವಣೆಗೆ ಓಡಾಡಿದ ಹುಡುಗ. ಕಾಫಿ ತಂದುಕೊಡುವುದರಿಂದ ಹಿಡಿದು ಯಾರೂ ಬೇಡ ಅನ್ನುವ ಕೆಲಸದವರೆಗೆ ಎಲ್ಲಕ್ಕೂ ಸೈ. ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಸೇರಿದವರು ಓದು ಮುಗಿಸಲಿಲ್ಲ. ಸಿನಿಮಾ ಶಾಲೆಗೆ ಹೋದವರಲ್ಲ, ಚಿತ್ರ ಬರೆಯಲು ಬಾರದು, ಸಂಗೀತವೂ ಇಲ್ಲ. ಇಷ್ಟಾಗಿಯೂ 1970ರ ದಶಕದ ನಡುವಿಗೆ ಪ್ಯಾರಾಮೌಂಟ್ ಸ್ಟುಡಿಯೋದ ಮುಖ್ಯಸ್ಥ ಬ್ಯಾರಿ ಡಿಲ್ಲರ್ ಅವರಿಗೆ ಸಹಾಯಕನಾಗಿ ಸೇರಿಕೊಂಡರು. ಅಲ್ಲೇ ಸಿಕ್ಕವರು ಮೈಕೆಲ್ ಐಸ್ನರ್. ಮುಂದೆ ಸುಮಾರು 19 ವರ್ಷ ಇಬ್ಬರದೂ ಜೋಡೆತ್ತಿನ ಬಾಳು.

ಐಸ್ನರ್ ಈ ಹುಡುಗನಿಗೆ ಇಟ್ಟ ಅಡ್ಡಹೆಸರು ‘ಗೋಲ್ಡನ್ ರಿಟ್ರೀವರ್’. ಚೆಂಡು ಎಸೆದರೆ ಎಲ್ಲೇ ಬಿದ್ದಿರಲಿ ಹುಡುಕಿ ಬಾಯಲ್ಲಿ ಕಚ್ಚಿ ತರುವ ನಾಯಿಯ ತಳಿ. ಹೊಗಳಿಕೆಯೋ ಅವಮಾನವೋ ನೀವೇ ಹೇಳಿ. ಟಿವಿಯಲ್ಲಿ ನಿಂತುಹೋಗಿದ್ದ ‘ಸ್ಟಾರ್ ಟ್ರೆಕ್’ ಅನ್ನು ದೊಡ್ಡ ಪರದೆಗೆ ತರುವ ಕೆಲಸದಲ್ಲಿ, ಒಪ್ಪದ ನಟರನ್ನು ಒಪ್ಪಿಸಿ ತಂದವರಲ್ಲಿ ಜೆಫ್ರಿಯೂ ಒಬ್ಬರು. ಚಿತ್ರ 1979ರಲ್ಲಿ ತೆರೆಕಂಡಿತು.

1984ರಲ್ಲಿ ಐಸ್ನರ್ ಡಿಸ್ನಿಯ ಅಧ್ಯಕ್ಷರಾದರು. ಜೆಫ್ರಿಯನ್ನು ಜೊತೆಗೇ ಕರೆದೊಯ್ದರು. ಆಗ ಡಿಸ್ನಿ ಅಂದರೆ ಥೀಮ್ ಪಾರ್ಕ್, ಹಳೆಯ ವೈಭವ ಮತ್ತು ಸೊರಗಿದ ಸಿನಿಮಾ ವಿಭಾಗ. ಐಸ್ನರ್ ಮೊದಲ ದಿನಗಳಲ್ಲಿ ಅನಿಮೇಷನ್ ವಿಭಾಗದ ಕಟ್ಟಡ ತೋರಿಸಿ, ಅದು ನಿನ್ನ ತಲೆನೋವು ಅಂದರಂತೆ.

ಕತ್ತರಿ ಹಿಡಿದ ಕೈ

ಆ ತಲೆನೋವಿನ ಹೆಸರು ‘ದಿ ಬ್ಲ್ಯಾಕ್ ಕಾಲ್ಡ್ರನ್’. ವರ್ಷಗಟ್ಟಲೆ ಎಳೆದಾಡಿ, ಸುಮಾರು 4.4 ಕೋಟಿ ಡಾಲರ್ ನುಂಗಿದ್ದ ಚಿತ್ರ. ಆ ಕಾಲಕ್ಕೆ ಅಷ್ಟು ದುಬಾರಿ ಅನಿಮೇಷನ್ ಚಿತ್ರ ಇನ್ನೊಂದಿರಲಿಲ್ಲ. ಹೊಸ ಬಾಸ್ ನೋಡಿದರು. ಮಕ್ಕಳು ಹೆದರಿ ಓಡುವಂಥ ದೃಶ್ಯಗಳು, ಎಲ್ಲಿಗೂ ಹೋಗದ ಕಥೆ. ಕತ್ತರಿಸಿ ಅಂದರು. ನಿರ್ಮಾಪಕರು, ಅನಿಮೇಷನ್‌ನಲ್ಲಿ ಹಾಗೆಲ್ಲ ಕತ್ತರಿಸೋಕಾಗಲ್ಲ ಅಂದರು. ಯಾಕಾಗಲ್ಲ ಅಂತ ಜೆಫ್ರಿ ತಾವೇ ಎಡಿಟಿಂಗ್ ಕೋಣೆಗೆ ನುಗ್ಗಿ ರೀಲು ಕತ್ತರಿಸಲು ಕೂತರು! ಕಡೆಗೆ ಐಸ್ನರ್ ಫೋನ್ ಮಾಡಿ ಅವರನ್ನು ಹೊರಗೆ ಕರೆಯಬೇಕಾಯಿತು. ಆದರೂ ಸುಮಾರು 12 ನಿಮಿಷದ ದೃಶ್ಯಗಳು ಹೋದವು. ಬಿಡುಗಡೆ 1985ರ ಜುಲೈಗೆ ಮುಂದೆ ಹೋಯಿತು. ಚಿತ್ರ ಮಕಾಡೆ ಮಲಗಿತು. ಅದೇ ವರ್ಷ ಬಂದ, ಪುಟ್ಟ ಕಂಪನಿಯೊಂದರ ‘ದಿ ಕೇರ್ ಬೇರ್ಸ್ ಮೂವಿ’ ಅದಕ್ಕಿಂತ ಹೆಚ್ಚು ದುಡ್ಡು ಮಾಡಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮಾಮೂಲಿ ಸಿನಿಮಾದಲ್ಲಿ ಒಂದೇ ದೃಶ್ಯವನ್ನು ನಾಲ್ಕಾರು ಕೋನದಿಂದ, ಹತ್ತಾರು ಟೇಕ್‌ಗಳಲ್ಲಿ ತೆಗೆದಿರುತ್ತಾರೆ. ಎಡಿಟರ್ ಕೈಯಲ್ಲಿ ಬೇಕಾದಷ್ಟು ಸರಕಿರುತ್ತೆ. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಹಾಗಿಲ್ಲ. ಸೆಕೆಂಡಿಗೆ 24 ಫ್ರೇಮು. ಅವಕ್ಕೆ ಬೇಕಾದ ಚಿತ್ರಗಳನ್ನೆಲ್ಲ ಒಬ್ಬರು ಕೂತು ಬರೆಯಬೇಕು. ಹೆಚ್ಚುವರಿ ಅಂತ ಯಾರೂ ಒಂದು ಗೆರೆ ಎಳೆದಿರುವುದಿಲ್ಲ. ಅದಕ್ಕೇ ಅಲ್ಲಿ ಎಡಿಟಿಂಗ್ ಮೊದಲೇ ಆಗಿಬಿಡುತ್ತೆ. ಗೋಡೆಗೆ ಅಂಟಿಸಿದ ಸ್ಟೋರಿಬೋರ್ಡ್ ಚೀಟಿಗಳನ್ನು ಕ್ಯಾಮೆರಾದಲ್ಲಿ ಹಿಡಿದು, ಯಾರದ್ದೋ ಧ್ವನಿ ಸೇರಿಸಿ, ಇಡೀ ಚಿತ್ರವನ್ನು ಕಚ್ಚಾ ರೂಪದಲ್ಲಿ ನೋಡುತ್ತಾರೆ. ಸ್ಟೋರಿ ರೀಲ್ ಅನ್ನುತ್ತಾರೆ ಅದಕ್ಕೆ. ಜಗಳವಾಡಬೇಕಾದದ್ದು, ಅಳಿಸಬೇಕಾದದ್ದು, ಹರಿದೆಸೆಯಬೇಕಾದದ್ದು ಎಲ್ಲ ಆಗಲೇ.

ಜೆಫ್ರಿ ಇದನ್ನು ಕಲಿತರು. ವಾಲ್ಟ್ ಡಿಸ್ನಿ ಬಿಟ್ಟುಹೋದ ಕಾಗದಪತ್ರಗಳನ್ನು ತೆಗೆಸಿ ಓದಿ ಕಲಿತೆ ಅಂತ ಅವರೇ ಹೇಳಿಕೊಂಡಿದ್ದಾರೆ. ಸಿನಿಮಾ ಮುಗಿದ ಮೇಲೆ ಕತ್ತರಿ ಹಿಡಿದವರು ಮುಂದಿನ ಚಿತ್ರಗಳಲ್ಲಿ ಪೆನ್ಸಿಲ್ ಹಂತದಲ್ಲೇ ಬಂದು ಕೂರತೊಡಗಿದರು. ನನ್ನ ಪ್ರಕಾರ ಅವರ ವೃತ್ತಿಯ ದೊಡ್ಡ ತಿರುವು ಇದೇ. ಪತ್ರಿಕೆಗಳ ಮುಖಪುಟಕ್ಕೆ ಬಂದ ಜಗಳಗಳೆಲ್ಲ ಆಮೇಲಿನವು.

ಕಲಾವಿದರಿಗೆ ಮಾತ್ರ ಆ ದಿನಗಳು ಕಷ್ಟದವು. ವಾಲ್ಟ್ ಕಾಲದಿಂದ ಇದ್ದ ಬರ್ಬ್ಯಾಂಕ್‌ನ ಕಟ್ಟಡದಿಂದ ಅವರನ್ನು ಎಬ್ಬಿಸಿ ಗ್ಲೆಂಡೇಲ್‌ನ ಗೋದಾಮುಗಳಿಗೆ ಸಾಗಿಸಿದರು. ಇನ್ನು ನಮ್ಮ ಕಥೆ ಮುಗೀತು ಅಂದುಕೊಂಡವರೇ ಹೆಚ್ಚು. ‘ಬೇಸಿಲ್ ಆಫ್ ಬೇಕರ್ ಸ್ಟ್ರೀಟ್’ ಎಂಬ ಚಿತ್ರದ ಹೆಸರನ್ನು ಮೇಲಿನವರು ‘ದಿ ಗ್ರೇಟ್ ಮೌಸ್ ಡಿಟೆಕ್ಟಿವ್’ ಅಂತ ಬದಲಿಸಿದಾಗ ಒಬ್ಬ ಕಲಾವಿದ ಆಫೀಸಿನ ಸುತ್ತೋಲೆಯ ಧಾಟಿಯಲ್ಲೇ ಒಂದು ತಮಾಷೆ ಪತ್ರ ಬರೆದು ಹಂಚಿದ. ಡಿಸ್ನಿಯ ಹಳೇ ಚಿತ್ರಗಳಿಗೂ ಇದೇ ರೀತಿ ಹೆಸರಿಡಲಾಗಿದೆ ಅಂತ ಅದರಲ್ಲಿ ಪಟ್ಟಿ. ‘ಸ್ನೋ ವೈಟ್’ಗೆ ಏಳು ಕುಳ್ಳರು ಹುಡುಗಿಗೆ ಸಹಾಯ ಮಾಡಿದ್ದು, ‘101 ಡಾಲ್ಮೇಷನ್ಸ್’ಗೆ ನಾಯಿಮರಿ ಕದ್ದೊಯ್ದದ್ದು... ಹೀಗೆ. ಪತ್ರ ಪತ್ರಿಕೆಯವರ ಕೈಗೂ ಸಿಕ್ಕಿತು. ಜೆಫ್ರಿ ಕೆಂಡಾಮಂಡಲ. ಆಫೀಸ್ ವಾಟ್ಸ್ಆ್ಯಪ್ ಗ್ರೂಪಿನ ಮೀಮು ಬಾಸ್ ಕೈಗೆ ಸಿಕ್ಕರೆ ಹೇಗಿರುತ್ತೆ, ಹಾಗೆ.

‘ಇದು ಬೇಡ, ಮತ್ತೆ ಮಾಡಿ’

1985ರಲ್ಲಿ ಐಸ್ನರ್ ಮತ್ತು ಜೆಫ್ರಿ ಒಂದು ಮೀಟಿಂಗ್ ಕರೆದರು. ಯಾರು ಬೇಕಾದರೂ ಕಥೆ ಹೇಳಬಹುದು, ಹಿಡಿಸದಿದ್ದರೆ ಮುಖಕ್ಕೇ ಬೇಡ ಅನ್ನುತ್ತೇವೆ ಅಂತ. ರಾನ್ ಕ್ಲೆಮೆಂಟ್ಸ್ ಅಲ್ಲಿ ಮತ್ಸ್ಯಕನ್ಯೆಯ ಕಥೆ ಹೇಳಿದರು. ಬೇಡ ಅಂದರು, ಆಗಷ್ಟೇ ಡಿಸ್ನಿಯಿಂದ ‘ಸ್ಪ್ಲ್ಯಾಶ್’ ಎಂಬ ಮತ್ಸ್ಯಕನ್ಯೆಯ ಸಿನಿಮಾ ಬಂದಿತ್ತು. ಕ್ಲೆಮೆಂಟ್ಸ್ ಕೊಟ್ಟುಹೋಗಿದ್ದ ಎರಡು ಪುಟದ ಬರಹವನ್ನು ಆಮೇಲೆ ಓದಿದ ಜೆಫ್ರಿ ಮನಸ್ಸು ಬದಲಿಸಿದರು. ಇಲ್ಲದಿದ್ದರೆ ಪಾಪ್‌ಕಾರ್ನ್ ಚೆಲ್ಲುವ ಸಂದರ್ಭವೇ ಬರುತ್ತಿರಲಿಲ್ಲ.

1989ರ ನವೆಂಬರಿನಲ್ಲಿ ಬಂದ ‘ಮರ್ಮೇಡ್’ ಬಗ್ಗೆಯೂ ಜೆಫ್ರಿಗೆ ದೊಡ್ಡ ನಿರೀಕ್ಷೆ ಇರಲಿಲ್ಲ. ಇದು ಹುಡುಗಿಯರ ಸಿನಿಮಾ, ಹಿಂದಿನದರಷ್ಟು ಓಡಲ್ಲ ಅಂತ ಮೊದಲೇ ಹೇಳಿಟ್ಟಿದ್ದರು. ಅದು ಓಡಿದ್ದಷ್ಟೇ ಅಲ್ಲ, ಎರಡು ಆಸ್ಕರ್ ತಂದಿತು.

ಈಗ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ಗೆ ಬನ್ನಿ. ಇದನ್ನು ಮೊದಲು ಹಾಡುಗಳಿಲ್ಲದ ಗಂಭೀರ ಚಿತ್ರವಾಗಿ ಲಂಡನ್ನಿನಲ್ಲಿ ಒಂದು ತಂಡ ಶುರುಮಾಡಿತ್ತು. ಸುಮಾರು 20 ನಿಮಿಷದ ಸ್ಟೋರಿ ರೀಲ್ ನೋಡಿದ ಜೆಫ್ರಿ ಎಲ್ಲ ಬಿಸಾಡಿ ಮೊದಲಿಂದ ಶುರುಮಾಡಿ ಅಂದರು. ಎಷ್ಟು ಜನರ ಎಷ್ಟು ತಿಂಗಳ ಕೆಲಸ! ನಿರ್ದೇಶಕರು ಬಿಟ್ಟುಹೋದರು. ಆದರೆ ಆಮೇಲೆ ಜೆಫ್ರಿ ಮಾಡಿದ್ದನ್ನು ನೋಡಿ: ಹೀಗೆ ಮಾಡಿ ಅಂತ ಹೇಳಲಿಲ್ಲ. ಹೊವಾರ್ಡ್ ಆಶ್‌ಮನ್ ಮತ್ತು ಸಂಗೀತಗಾರ ಆಲನ್ ಮೆಂಕನ್ ಕೈಗೆ ಒಪ್ಪಿಸಿದರು. ಆಶ್‌ಮನ್ ಅಷ್ಟರಲ್ಲಿ ಏಡ್ಸ್‌ನಿಂದ ಜರ್ಜರಿತರಾಗಿದ್ದರು. ಕ್ಯಾಲಿಫೋರ್ನಿಯಾಕ್ಕೆ ಪ್ರಯಾಣ ಮಾಡುವ ಶಕ್ತಿ ಇರಲಿಲ್ಲ. ಅವರ ಮನೆಯ ಹತ್ತಿರ, ನ್ಯೂಯಾರ್ಕ್ ರಾಜ್ಯದ ಫಿಷ್‌ಕಿಲ್ ಎಂಬ ಊರಿನ ಹೋಟೆಲಿಗೆ ಇಡೀ ತಂಡವೇ ಬಂದಿಳಿದು ಕಥೆ ಕಟ್ಟಿತು. ಅರಮನೆಯ ದೀಪ, ಗಡಿಯಾರ, ಟೀ ಪಾತ್ರೆಗಳಿಗೆ ಮಾತು ಬಂದದ್ದು ಅಲ್ಲಿ. ಆಶ್‌ಮನ್ 1991ರ ಮಾರ್ಚ್‌ನಲ್ಲಿ ತೀರಿಕೊಂಡರು. ಚಿತ್ರ ಬಂದದ್ದು ಆ ವರ್ಷದ ಕೊನೆಗೆ. ಆಸ್ಕರ್‌ನ ಅತ್ಯುತ್ತಮ ಚಿತ್ರ ವಿಭಾಗಕ್ಕೆ ನಾಮಕರಣಗೊಂಡ ಮೊದಲ ಅನಿಮೇಷನ್ ಚಿತ್ರ ಅದು.

ಆಶ್‌ಮನ್ ಹೋಗಿ ತಿಂಗಳೂ ಕಳೆದಿರಲಿಲ್ಲವೇನೋ, ‘ಅಲ್ಲಾದ್ದೀನ್’ ತಂಡದ ಸರದಿ ಬಂತು. 1991ರ ಏಪ್ರಿಲ್‌ನಲ್ಲಿ ಸ್ಟೋರಿ ರೀಲ್ ನೋಡಿದ ಜೆಫ್ರಿ, ಇದೂ ಬೇಡ ಅಂದರು. ಬಿಡುಗಡೆ ದಿನಾಂಕ ಮಾತ್ರ ಬದಲಾಗಲ್ಲ! ಡೆಡ್‌ಲೈನ್ ಅಲ್ಲೇ, ಕೆಲಸ ಸೊನ್ನೆಯಿಂದ. ಐಟಿಯಲ್ಲಿರುವವರಿಗೆ ಈ ವಾಕ್ಯ ವಿವರಿಸಬೇಕಿಲ್ಲ. ಕಥೆಯಿಂದ ಅಲ್ಲಾದ್ದೀನನ ಅಮ್ಮನನ್ನೇ ತೆಗೆದರು. ಅವಳಿಗಾಗಿ ಆಶ್‌ಮನ್ ಬರೆದಿದ್ದ ‘ಪ್ರೌಡ್ ಆಫ್ ಯುವರ್ ಬಾಯ್’ ಹಾಡೂ ಹೋಯಿತು. ಹೊಸ ಬರಹಗಾರರು ಬಂದರು, ರಾಜಕುಮಾರಿ ಜಾಸ್ಮಿನ್‌ಗೆ ಗಟ್ಟಿ ಪಾತ್ರ ಸಿಕ್ಕಿತು. 1992ರಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಗಳಿಸಿದ ಚಿತ್ರ ‘ಅಲ್ಲಾದ್ದೀನ್’. ಹಾಗಾದರೆ ಬಾಸ್ ಹೇಳಿದ್ದೇ ಸರಿ ಅಂತಾಯಿತಲ್ಲ? ಹೌದು. ಆದರೆ ಆ ಹಾಡನ್ನು ಒಮ್ಮೆ ಕೇಳಿ ನೋಡಿ. ‘ಅಲ್ಲಾದ್ದೀನ್’ 2014ರಲ್ಲಿ ಬ್ರಾಡ್‌ವೇ ರಂಗದ ಮೇಲೆ ಬಂದಾಗ ಅದನ್ನು ಮತ್ತೆ ಸೇರಿಸಿಕೊಂಡರು. ಗೆದ್ದ ಸಿನಿಮಾದಲ್ಲೂ ಕಳೆದುಹೋದದ್ದು ಇರುತ್ತದೆ.

ಈ ಗೆಲುವುಗಳ ಬೆಲೆ ತೆತ್ತವರು ಯಾರು ಅನ್ನೋದನ್ನೂ ಹೇಳದಿದ್ದರೆ ತಪ್ಪಾಗುತ್ತೆ. ಜೆಫ್ರಿ ನಸುಕಿಗೇ ಕೆಲಸಕ್ಕೆ ಕೂರುವವರು, ಬೆಳಗಿನ ತಿಂಡಿಗೇ ಒಂದರ ಮೇಲೊಂದು ಮೀಟಿಂಗ್ ಇಡುವವರು. ಶನಿವಾರ ಬಾರದವನು ಭಾನುವಾರ ಬರುವ ತೊಂದರೆಯನ್ನೂ ತಗೋಬೇಕಿಲ್ಲ ಅನ್ನೋ ಮಾತು ಅವರ ಹೆಸರಿನಲ್ಲಿ ಇವತ್ತಿಗೂ ಓಡಾಡುತ್ತಿದೆ. ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ನ ನಿರ್ಮಾಪಕ ಡಾನ್ ಹಾನ್ 2009ರಲ್ಲಿ ಮಾಡಿದ ‘ವೇಕಿಂಗ್ ಸ್ಲೀಪಿಂಗ್ ಬ್ಯೂಟಿ’ ಸಾಕ್ಷ್ಯಚಿತ್ರದಲ್ಲಿ ಆ ಕಾಲದ ದಣಿವು, ಕಲಾವಿದರ ಮಣಿಕಟ್ಟು ನೋವು, ಮನೆಗೆ ಸಮಯ ಕೊಡಲಾಗದ ಸಂಕಟ ಎಲ್ಲ ಬರುತ್ತವೆ. ವೀಕೆಂಡಿನಲ್ಲಿ ಪುರುಸೊತ್ತು ಸಿಕ್ಕರೆ ನೋಡಿ. ಆಫೀಸ್ ರಾಜಕೀಯದ ಬಗ್ಗೆ ನಾನು ನೋಡಿದ ಒಳ್ಳೆಯ ಚಿತ್ರಗಳಲ್ಲಿ ಅದೊಂದು.

ಆಟಿಕೆಗಳ ಕಥೆಯಲ್ಲಿ ಸೌಟು

ಜೆಫ್ರಿಯ ದೂರದೃಷ್ಟಿಗೆ ಸಾಕ್ಷಿ ಬೇಕೆಂದರೆ ಪಿಕ್ಸಾರ್. ಇನ್ನೂ ಯಾರೂ ಪೂರ್ತಿ ಕಂಪ್ಯೂಟರ್‌ನಲ್ಲಿ ಸಿನಿಮಾ ಮಾಡಿರದ ಕಾಲದಲ್ಲಿ, 1991ರಲ್ಲೇ ಅವರೊಂದಿಗೆ ಒಪ್ಪಂದ ಮಾಡಿಕೊಂಡವರು ಇವರು. ಅದರ ಫಲ ‘ಟಾಯ್ ಸ್ಟೋರಿ’.

ಅದೇ ಚಿತ್ರವನ್ನು ಹಾಳುಮಾಡುವುದರಲ್ಲೂ ಇದ್ದವರು ಇವರೇ. ಕಥೆ ತೀರಾ ಮುದ್ದುಮುದ್ದಾಗಿದೆ, ಸ್ವಲ್ಪ ಖಾರ ಬೇಕು, ದೊಡ್ಡವರಿಗೂ ಹಿಡಿಸಬೇಕು ಅಂತ ಟಿಪ್ಪಣಿ ಮೇಲೆ ಟಿಪ್ಪಣಿ ಕಳಿಸಿದರು. ಪಿಕ್ಸಾರ್‌ನ ಹುಡುಗರು ಹೊಸಬರು. ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಖಾರ ಹಾಕುತ್ತ ಹೋದರು. 1993ರ ನವೆಂಬರ್ 19, ಶುಕ್ರವಾರ, ಡಿಸ್ನಿಯವರಿಗೆ ರೀಲ್ ತೋರಿಸಿದರೆ ಕೌಬಾಯ್ ಗೊಂಬೆ ವುಡಿ ಎಂಥ ಕೆಟ್ಟ ಮನುಷ್ಯನಾಗಿದ್ದ ಅಂದರೆ, ನೋಡಿದವರಿಗೆ ಅಸಹ್ಯ. ಚಿತ್ರದ ಕೆಲಸವನ್ನೇ ನಿಲ್ಲಿಸಲು ಆದೇಶವಾಯಿತು. ಪಿಕ್ಸಾರ್‌ನವರು ಸ್ವಲ್ಪ ಕಾಲ ಕೇಳಿಕೊಂಡು, ಬಂದ ಟಿಪ್ಪಣಿಗಳನ್ನೆಲ್ಲ ಪಕ್ಕಕ್ಕಿಟ್ಟು, ತಮಗೆ ಬೇಕಾದ ವುಡಿಯನ್ನು ಮತ್ತೆ ಬರೆದರು. 1995ರಲ್ಲಿ ನಾವೆಲ್ಲ ನೋಡಿದ್ದು ಆ ವುಡಿಯನ್ನು.

ಗಮನಿಸಿ, ಮರ್ಮೇಡ್ ಕೋಣೆಯಲ್ಲಿ ಬೇಡ ಅನ್ನೋಕೆ ಆಶ್‌ಮನ್ ಇದ್ದರು. ಟಾಯ್ ಸ್ಟೋರಿ ಕೋಣೆಯಲ್ಲಿ ಶುರುವಿಗೆ ಯಾರೂ ಇರಲಿಲ್ಲ.

ಸಿಂಹ ಗರ್ಜಿಸಿದಾಗ

‘ದಿ ಲಯನ್ ಕಿಂಗ್’ ತಯಾರಾಗುವಾಗ ಜೆಫ್ರಿಯ ನೆಚ್ಚಿನ ಚಿತ್ರ ಅದಲ್ಲ, ‘ಪೊಕಹಾಂಟಸ್’. ಅದೇ ಗೆಲ್ಲುವ ಕುದುರೆ, ಸಿಂಹದ್ದು ಒಂದು ಪ್ರಯೋಗ ಅಂತ ಅವರು ಹೇಳಿದ್ದರಿಂದ ಎಷ್ಟೋ ಹಿರಿಯ ಕಲಾವಿದರು ಅತ್ತ ಹೋದರು. ಸಿಂಹ ಉಳಿದವರ ಪಾಲಾಯಿತು. 1994ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಭೂಕಂಪವಾಗಿ ಸ್ಟುಡಿಯೋ ಮುಚ್ಚಿದಾಗ ಮನೆಗಳಲ್ಲಿ, ಗ್ಯಾರೇಜುಗಳಲ್ಲಿ ಕೂತು ಚಿತ್ರ ಮುಗಿಸಿದರು. ಆಮೇಲಿನದು ನಿಮಗೆ ಗೊತ್ತೇ ಇದೆ.

ಆ ವರ್ಷದ ಏಪ್ರಿಲ್ 3ರಂದು ಡಿಸ್ನಿಯ ಎರಡನೇ ಸ್ಥಾನದಲ್ಲಿದ್ದ ಫ್ರ್ಯಾಂಕ್ ವೆಲ್ಸ್ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಐಸ್ನರ್ ಮತ್ತು ಜೆಫ್ರಿ ನಡುವೆ ತಕ್ಕಡಿ ಹಿಡಿದಂತಿದ್ದವರು ಅವರು. ಆ ಜಾಗ ತನಗೆ ಬರಬೇಕು, ಮಾತು ಕೊಟ್ಟಿದ್ದರು ಅನ್ನೋದು ಜೆಫ್ರಿಯ ವಾದ. ಐಸ್ನರ್ ಒಪ್ಪಲಿಲ್ಲ. ಹತ್ತು ವರ್ಷದ ಯಶಸ್ಸಿನ ಕೀರ್ತಿ ಯಾರದು ಅನ್ನುವ ಮುನಿಸು ಒಳಗೊಳಗೇ ಹೊಗೆಯಾಡುತ್ತಿತ್ತು. ವಾಲ್ಟ್‌ನ ಅಣ್ಣನ ಮಗ ರಾಯ್ ಡಿಸ್ನಿಗೂ ಜೆಫ್ರಿಯನ್ನು ಕಂಡರೆ ಆಗುತ್ತಿರಲಿಲ್ಲ. ‘ಲಯನ್ ಕಿಂಗ್’ ಥಿಯೇಟರುಗಳಲ್ಲಿ ಜನಜಾತ್ರೆ ಸೇರಿಸುತ್ತಿದ್ದ ಆಗಸ್ಟ್ ತಿಂಗಳಲ್ಲೇ ಜೆಫ್ರಿಯನ್ನು ಮನೆಗೆ ಕಳಿಸಿದರು. ತನಗೆ ಬರಬೇಕಾದ ಲಾಭದ ಪಾಲಿಗಾಗಿ ಜೆಫ್ರಿ ಕೋರ್ಟಿಗೆ ಹೋದರು. 1999ರಲ್ಲಿ ರಾಜಿಯಾಯಿತು. ಮೊತ್ತ ಸುಮಾರು 25 ಕೋಟಿ ಡಾಲರ್ ಅಂತ ಪತ್ರಿಕೆಗಳು ಅಂದಾಜಿಸಿದವು.

ಕೆಲಸ ಹೋದ ಎರಡು ತಿಂಗಳಿಗೆ, ಅಂದರೆ 1994ರ ಅಕ್ಟೋಬರಿನಲ್ಲಿ, ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಡೇವಿಡ್ ಗೆಫೆನ್ ಜೊತೆ ಸೇರಿ ಡ್ರೀಮ್‌ವರ್ಕ್ಸ್ ಶುರುಮಾಡಿದರು. ಅಲ್ಲಿ ಮಾಡಿದ್ದೆಲ್ಲ ಚಂದವಾಗಿತ್ತು ಅನ್ನಲಾರೆ. ಪಿಕ್ಸಾರ್ ಇರುವೆಗಳ ಚಿತ್ರ ಮಾಡುತ್ತಿದೆ ಅನ್ನುವುದು ಗೊತ್ತಿದ್ದೂ ಅದಕ್ಕಿಂತ ಮುಂಚೆಯೇ ‘ಆ್ಯಂಟ್ಸ್’ ಬಿಡುಗಡೆ ಮಾಡಿದರು. ಆ ಕಥೆ ನಮ್ಮದೇ, ಮೊದಲಿಂದಲೂ ಇತ್ತು ಅನ್ನೋದು ಅವರ ಸಮರ್ಥನೆ. ಪಿಕ್ಸಾರ್‌ನವರು ಇದನ್ನು ಬಹಳ ಕಾಲ ಮರೆಯಲಿಲ್ಲ.

ತಮಾಷೆ ಏನು ಗೊತ್ತಾ? ಡ್ರೀಮ್‌ವರ್ಕ್ಸ್‌ನಲ್ಲಿ ಜೆಫ್ರಿಯ ಹೃದಯ ಇದ್ದದ್ದು ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಎಂಬ ಭವ್ಯ ಚಿತ್ರದಲ್ಲಿ. ಅಲ್ಲಿ ಸರಿಯಾಗಿ ಕೆಲಸ ಮಾಡದವರನ್ನು ಒಂದು ಹಸಿರು ರಾಕ್ಷಸನ ಚಿತ್ರಕ್ಕೆ ಎತ್ತಂಗಡಿ ಮಾಡುತ್ತಿದ್ದರಂತೆ. ನಮ್ಮಲ್ಲಿ ಸರ್ಕಾರಿ ನೌಕರರನ್ನು ನೀರು-ನೆರಳಿಲ್ಲದ ಊರಿಗೆ ವರ್ಗ ಮಾಡುವ ಹಾಗೆ. ಆ ಚಿತ್ರ ‘ಶ್ರೆಕ್’. ಧ್ವನಿಮುದ್ರಣ ಬಹುಪಾಲು ಮುಗಿದ ಮೇಲೆ ನಟ ಮೈಕ್ ಮೈಯರ್ಸ್, ಇಡೀ ಪಾತ್ರವನ್ನು ಸ್ಕಾಟ್ಲೆಂಡಿನ ಉಚ್ಚಾರಣೆಯಲ್ಲಿ ಮತ್ತೆ ಮಾಡುತ್ತೇನೆ ಅಂದ. ತುಟಿ ಚಲನೆಯೆಲ್ಲ ಮತ್ತೆ ಬರಬೇಕು, 40 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಅಂತಾರೆ. ಜೆಫ್ರಿ ಕೇಳಿದರು, ಹೂಂ ಅಂದರು. 2001ರ ಆ ಚಿತ್ರ, ಅನಿಮೇಷನ್ ಚಿತ್ರಗಳಿಗೆಂದೇ ಹೊಸದಾಗಿ ಶುರುವಾದ ಆಸ್ಕರ್ ಅನ್ನು ಮೊದಲ ಬಾರಿಗೆ ಗೆದ್ದಿತು. ಅದರಲ್ಲಿ ಬರುವ ಗಿಡ್ಡ ದೊರೆ ಫಾರ್ಕ್ವಾಡ್, ಐಸ್ನರ್‌ನ ಅಣಕ ಅನ್ನೋದು ಹಾಲಿವುಡ್‌ನ ಹಳೇ ಗುಸುಗುಸು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2003ರಲ್ಲಿ ಕೈಬರಹದ ‘ಸಿಂದ್‌ಬಾದ್’ ಭಾರಿ ನಷ್ಟ ತಂದಿತು, ಪೆನ್ಸಿಲ್ಲಿನ ಕಾಲ ಮುಗೀತು ಅಂತ ಜೆಫ್ರಿ ಪೂರ್ತಿ ಕಂಪ್ಯೂಟರಿಗೆ ಹೊರಳಿದರು. 2004ರಲ್ಲಿ ಡ್ರೀಮ್‌ವರ್ಕ್ಸ್ ಅನಿಮೇಷನ್ ಷೇರು ಮಾರುಕಟ್ಟೆಗೆ ಬಂತು, ಜೆಫ್ರಿ ಸಿಇಒ. ‘ಕುಂಗ್ ಫು ಪಾಂಡಾ’, ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ ಬಂದವು. ಷೇರುದಾರರಿಗೆ ಪ್ರತಿ ವರ್ಷ ಲೆಕ್ಕ ಕೊಡಬೇಕು, ವರ್ಷಕ್ಕೆ ಎರಡು-ಮೂರು ಚಿತ್ರ ಬೇಕು.

ಬೆಂಗಳೂರು ಈ ಕಥೆಯೊಳಗೆ ಬರುವುದು ಆಗ. 2008ರ ಸುಮಾರಿಗೆ ಡ್ರೀಮ್‌ವರ್ಕ್ಸ್ ಟೆಕ್ನಿಕಲರ್ ಕಂಪನಿಯ ಜೊತೆ ಕೈಜೋಡಿಸಿ ನಮ್ಮೂರಿನಲ್ಲಿ ತನ್ನ ಕೆಲಸಕ್ಕೇ ಮೀಸಲಾದ ಒಂದು ಘಟಕ ಕಟ್ಟಿತು. ಮೊದಲು ಟಿವಿ ವಿಶೇಷಗಳು, ಆಮೇಲೆ 2011ರ ‘ಪುಸ್ ಇನ್ ಬೂಟ್ಸ್’. ಆ ಟೋಪಿ ತೊಟ್ಟ ಬೆಕ್ಕಿನ ಕೆಲಸದಲ್ಲಿ ಬೆಂಗಳೂರಿನ ಕಲಾವಿದರ ಕೈಯಿದೆ. ಚಿತ್ರ ಮುಗಿದ ಮೇಲೆ ಕ್ರೆಡಿಟ್ಸ್ ಓಡುವಾಗ ಎದ್ದು ಹೋಗದೆ ಕೂತವರಿಗೆ ನಮ್ಮ ಕಡೆಯ ಹೆಸರುಗಳು ಕಾಣುತ್ತವೆ. ಆದರೆ ಹೀಗೆ ದೂರದಿಂದ ಬಂದ ಕೆಲಸ ದೂರದಲ್ಲೇ ನಿರ್ಧಾರವಾಗುತ್ತದೆ. 2015ರಲ್ಲಿ ಡ್ರೀಮ್‌ವರ್ಕ್ಸ್ 500 ಉದ್ಯೋಗ ಕಡಿತ ಘೋಷಿಸಿ, ‘ಶ್ರೆಕ್’ ಮಾಡಿದ ತನ್ನದೇ ಉತ್ತರ ಕ್ಯಾಲಿಫೋರ್ನಿಯಾ ಸ್ಟುಡಿಯೋವನ್ನೇ ಮುಚ್ಚಿತು. 2016ರಲ್ಲಿ ಕಾಮ್‌ಕಾಸ್ಟ್ ಸುಮಾರು 380 ಕೋಟಿ ಡಾಲರಿಗೆ ಕಂಪನಿಯನ್ನು ಕೊಂಡಿತು, ಜೆಫ್ರಿ ಹೊರಬಂದರು. ಟೆಕ್ನಿಕಲರ್ ಕೂಡ 2025ರ ಫೆಬ್ರವರಿಯಲ್ಲಿ ಕುಸಿಯಿತು. ಅವತ್ತು ಬೆಂಗಳೂರಿನಲ್ಲಿ ಎಷ್ಟು ಮನೆಗಳಲ್ಲಿ ರಾತ್ರಿ ಊಟ ಸೇರಲಿಲ್ಲವೋ.

ನಿಮ್ಮ ಕೈಯಲ್ಲಿರುವ ಪರದೆ

ಕೊನೆಯ ಅಧ್ಯಾಯ ನಿಮ್ಮ ಫೋನಿಗೆ ಸಂಬಂಧಿಸಿದ್ದು.

ಜೆಫ್ರಿಗೆ ಒಂದು ಹೊಳೆಯಿತು. ಜನ ಬಸ್ಸಿನಲ್ಲಿ, ಕ್ಯೂನಲ್ಲಿ, ಕಾಫಿ ಬ್ರೇಕಿನಲ್ಲಿ ಫೋನ್ ನೋಡುತ್ತಾರೆ. ಐದು-ಹತ್ತು ನಿಮಿಷದ ಆ ಬಿಡುವಿಗೆ ಸರಿಯಾಗಿ, ಹಾಲಿವುಡ್ ಗುಣಮಟ್ಟದ ಧಾರಾವಾಹಿ ಕೊಟ್ಟರೆ? ಕಂಪನಿಯ ಹೆಸರು ಕ್ವಿಬಿ. ಹ್ಯೂಲೆಟ್ ಪ್ಯಾಕರ್ಡ್ ನಡೆಸಿದ್ದ ಮೆಗ್ ವಿಟ್‌ಮನ್ ಸಿಇಒ. ಬಂದ ಬಂಡವಾಳ 175 ಕೋಟಿ ಡಾಲರ್. ಫೋನ್ ಅಡ್ಡ ಹಿಡಿದರೆ ಒಂದು ಚೌಕಟ್ಟು, ಉದ್ದಕ್ಕೆ ಹಿಡಿದರೆ ಇನ್ನೊಂದು. ದೊಡ್ಡ ದೊಡ್ಡ ನಿರ್ದೇಶಕರು, ತಾರೆಯರು. 2020ರ ಏಪ್ರಿಲ್ 6ರಂದು ಶುರು.

ಏಪ್ರಿಲ್ 2020! ಬಸ್ಸೇ ಇಲ್ಲ, ಕ್ಯೂ ಇಲ್ಲ, ಎಲ್ಲರೂ ಮನೆಯಲ್ಲಿ ದೊಡ್ಡ ಟಿವಿ ಮುಂದೆ. ಕ್ವಿಬಿ ಟಿವಿಯಲ್ಲಿ ಬರುತ್ತಿರಲಿಲ್ಲ. ಸ್ಕ್ರೀನ್‌ಶಾಟ್ ತೆಗೆಯೋಕೂ ಬಿಡುತ್ತಿರಲಿಲ್ಲ, ಹಾಗಾಗಿ ಯಾರೂ ಮೀಮು ಮಾಡಿ ಹಂಚಲಿಲ್ಲ. ಟಿಕ್‌ಟಾಕ್, ಯೂಟ್ಯೂಬ್ ಪುಕ್ಕಟೆ ಸಿಗುವಾಗ ಇದಕ್ಕೆ ತಿಂಗಳಿಗೆ 5 ಡಾಲರ್ ಯಾಕೆ ಅನ್ನೋ ಪ್ರಶ್ನೆಗೆ ಉತ್ತರವೂ ಇರಲಿಲ್ಲ. ಮೊದಲು ಎಲ್ಲವನ್ನೂ ಕೊರೊನಾ ತಲೆಗೆ ಕಟ್ಟಿದ ಜೆಫ್ರಿ, ಅಕ್ಟೋಬರಿನಲ್ಲಿ ಬಾಗಿಲು ಹಾಕುವಾಗ ಬರೆದ ಪತ್ರದಲ್ಲಿ, ಬಹುಶಃ ಐಡಿಯಾವೇ ಅಷ್ಟು ಗಟ್ಟಿಯಾಗಿರಲಿಲ್ಲವೇನೋ ಅಂತ ಒಪ್ಪಿಕೊಂಡರು.

ನಾನು ಅದನ್ನು ಒಪ್ಪಲ್ಲ. ನಮ್ಮ ಮೆಟ್ರೋದಲ್ಲಿ ಪಕ್ಕದವರ ಫೋನ್ ಮೇಲೆ ಕಣ್ಣಾಡಿಸಿ (ತಪ್ಪೇ, ಆದರೂ). ಉದ್ದಕ್ಕೆ ಹಿಡಿದ ಪರದೆಯಲ್ಲಿ ಒಂದೆರಡು ನಿಮಿಷದ ಕಂತುಗಳು. ಕೋಟ್ಯಧಿಪತಿ ಗಂಡ, ತಿರಸ್ಕೃತ ಹೆಂಡತಿ, ಕೆನ್ನೆಗೆ ಬಾರಿಸಿದಲ್ಲಿಗೆ ಕಂತು ಮುಗಿಯುತ್ತೆ, ಮುಂದಿನದಕ್ಕೆ ಬೆರಳು ತಾನೇ ಹೋಗುತ್ತೆ. ಚೀನಾದಲ್ಲಿ ಬೆಳೆದು ಜಗತ್ತಿಗೆಲ್ಲ ಹಬ್ಬಿದ ಈ ಪುಟಾಣಿ ಧಾರಾವಾಹಿಗಳಿಗೆ ತಾರೆಯರೂ ಬೇಕಿಲ್ಲ, ಕೋಟಿಗಳೂ ಬೇಕಿಲ್ಲ. ಜನ ಎಲ್ಲಿ, ಹೇಗೆ ನೋಡುತ್ತಾರೆ ಅನ್ನೋದನ್ನು ಜೆಫ್ರಿ ಸರಿಯಾಗೇ ಹಿಡಿದಿದ್ದರು. ಅವರಿಗೆ ಏನು ಬಡಿಸಬೇಕು ಅನ್ನೋದನ್ನು ಮಾತ್ರ ತಾವೇ ನಿರ್ಧರಿಸಿದರು. ಅಷ್ಟು ಹೊತ್ತಿಗೆ 69 ವರ್ಷದ, ನಾಲ್ಕು ದಶಕ ಗೆದ್ದ ಮನುಷ್ಯನಿಗೆ ಎದುರು ಕೂತು ‘ಇದು ಸರಿಯಿಲ್ಲ’ ಅನ್ನುವ ಹೊವಾರ್ಡ್ ಆಶ್‌ಮನ್ ಆ ಕಂಪನಿಯಲ್ಲಿ ಯಾರಿದ್ದರೋ.

ಫೋನಿಗಾಗಿಯೇ ಮಾಡಿದ ಕ್ವಿಬಿಯ ಕಾರ್ಯಕ್ರಮಗಳನ್ನು 2021ರ ಜನವರಿಯಲ್ಲಿ ರೋಕು ಎಂಬ ಕಂಪನಿ ಕೊಂಡಿತು. ಅದರ ವ್ಯಾಪಾರ ಟಿವಿ ಸೆಟ್ಟುಗಳಿಗೆ ಹಾಕುವ ಸ್ಟ್ರೀಮಿಂಗ್ ಪೆಟ್ಟಿಗೆ.

ಕ್ವಿಬಿ ಮುಚ್ಚುವ ಸುದ್ದಿಯನ್ನು ನೌಕರರಿಗೆ ವಿಡಿಯೊ ಕರೆಯಲ್ಲಿ ತಿಳಿಸಿದ ದಿನ ಜೆಫ್ರಿ ಅವರಿಗೊಂದು ಸಲಹೆ ಕೊಟ್ಟರು ಅಂತ ಆಗಿನ ಪತ್ರಿಕೆಗಳು ಬರೆದಿವೆ. ಡ್ರೀಮ್‌ವರ್ಕ್ಸ್‌ನ ‘ಟ್ರೋಲ್ಸ್’ ಚಿತ್ರದಲ್ಲಿ ಒಂದು ಹಾಡು ಬರುತ್ತೆ. ಪುಟ್ಟ ನಾಯಕಿ ಕಾಡಿನಲ್ಲಿ ಒಬ್ಬಳೇ ಹೊರಟು, ಬಿದ್ದು, ಎದ್ದು, ಮತ್ತೆ ಬಿದ್ದು ಹಾಡುವ ಹಾಡು. ಮನಸ್ಸಿಗೆ ಬೇಜಾರಾದರೆ ಅದನ್ನು ಕೇಳಿ ಅಂದರಂತೆ.